ಬ್ಯಾಡಗಿ ಕೆಂಪಿಗೆ ಹೊಂದುವ ಮಾನಿಟರು

ರಾಣೆಬೆನ್ನೂರಿನ ಬೀಜದ ಪಾಕೀಟು, ಬ್ಯಾಡಗಿಯ ಖಾರಪುಡಿ ಲೇಬಲ್, ಹಾವೇರಿಯ ಮದುವೆ ವಿಡಿಯೊ: ಎಲ್ಲಕ್ಕೂ ಒಂದೇ ಲ್ಯಾಪ್‌ಟಾಪ್, ಪಕ್ಕದ ಡಬ್ಬಿಯಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್. ಇದೇ ಜೋಡಣೆಗೆ ಮಾನಿಟರು ಹುಡುಕುತ್ತಿರುವವರಿಗೆ ಈ ಮಾತು.

1. ಮಾನಿಟರಿನ ಕೇಬಲ್ ಕಾರ್ಡಿಗೇ ಚುಚ್ಚಿ, ಲ್ಯಾಪ್‌ಟಾಪಿಗಲ್ಲ. ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಥಂಡರ್‌ಬೋಲ್ಟ್ 3 ಕೇಬಲ್ ಅಂದರೆ ಸೆಕೆಂಡಿಗೆ 40 ಗಿಗಾಬಿಟ್. ಅದರಲ್ಲಿ ಕಾರ್ಡಿನ ಪಾಲು ಹೆಚ್ಚೆಂದರೆ 32. ಕಾರ್ಡ್ ಬಿಡಿಸಿದ ಚಿತ್ರ ಲ್ಯಾಪ್‌ಟಾಪಿನ ಪರದೆಗೆ ಬರಬೇಕೆಂದರೆ ಅದೇ ಇಕ್ಕಟ್ಟಿನ ದಾರಿಯಲ್ಲಿ ವಾಪಸು ಬರಬೇಕು, ವೇಗ ಕುಸಿಯುತ್ತದೆ. ಹಾಗಾಗಿ ಒಂದೇ ಯುಎಸ್‌ಬಿ-ಸಿ ವೈರಿನಲ್ಲಿ ಚಾರ್ಜೂ ಚಿತ್ರವೂ ಎಂದು ಬೆಲೆ ಏರಿಸಿದ ಮಾನಿಟರು ನಮಗೆ ದಂಡ. ಆ ದುಡ್ಡು ಪ್ಯಾನೆಲಿಗೆ ಹೋಗಲಿ.

2. ಅಂಗಡಿಯವರು 165 ಹರ್ಟ್ಸ್, 180 ಹರ್ಟ್ಸ್ ಎಂದು ಹೊಗಳುತ್ತಾರೆ. ಫ್ರೇಮ್ ಹೆಚ್ಚಿದಷ್ಟೂ ಕೇಬಲ್ಲಿನಲ್ಲಿ ಓಡಾಟ ಹೆಚ್ಚು, ಹೊರಗಿನ ಕಾರ್ಡ್ ಸೋಲುವುದೇ ಅಲ್ಲಿ. ಪಿಕ್ಸೆಲ್ ಹೆಚ್ಚಾದರೆ ಹೊರೆ ಬಹುಪಾಲು ಕಾರ್ಡಿನೊಳಗೇ ಮುಗಿಯುತ್ತದೆ. 27 ಇಂಚು, 1440ಪಿ ಸಾಕು. ಬೀಜದ ಪಾಕೀಟಿನ ಬೆನ್ನಿನ ಸಣ್ಣ ಅಕ್ಷರದಲ್ಲಿ ಒತ್ತಕ್ಷರ ಮಸುಕಾಗದೆ ಕಾಣಬೇಕಿದ್ದರೆ 4ಕೆ, 60 ಹರ್ಟ್ಸ್.

3. ಬಣ್ಣದ್ದು ದೊಡ್ಡ ಕತೆ. ಬ್ಯಾಡಗಿ ಮೆಣಸಿನಕಾಯಿ ಮಾರಾಟವಾಗುವುದು ಖಾರಕ್ಕಲ್ಲ, ಕೆಂಪಿಗೆ. 2011ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಗಿರಾಕಿ ‘ಡಬ್ಬಿ’ ಎಂಬ ಮೆಣಸಿನ ತಳಿಯ ಒಣಗಾಯಿ ತಂದು ಪರದೆಗೆ ಹಿಡಿದು, ‘ಈ ಬಣ್ಣ ಬರ್ಬೇಕ್ ನೋಡ್ರಿ’ ಅಂತಾನೆ. ವಿವರಪಟ್ಟಿಯಲ್ಲಿ 45% ಎನ್‌ಟಿಎಸ್‌ಸಿ ಎಂದಿದ್ದರೆ ಅಲ್ಲೇ ಬಿಟ್ಟು ಬನ್ನಿ, ಆ ಪರದೆಯಲ್ಲಿ ಕಾಯಿ ಇಟ್ಟಿಗೆಯಂತೆ ಕಾಣುತ್ತದೆ. ಐಪಿಎಸ್ ಪ್ಯಾನೆಲ್, ಪೂರ್ತಿ ಎಸ್‌ಆರ್‌ಜಿಬಿ ಬೇಕೇ ಬೇಕು. ಅದಕ್ಕೂ ಹಿರಿದಾದ ಬಣ್ಣವ್ಯಾಪ್ತಿಯ ಮಾನಿಟರಿನಲ್ಲಿ ಇನ್ನೊಂದು ತಕರಾರು: ಅದು ತೋರಿಸುವ ಉರಿಗೆಂಪನ್ನು ಪ್ರೆಸ್ಸಿನ ನಾಲ್ಕು ಶಾಯಿ ಕೊಡಲಾರವು. ಅಂಥದ್ದು ಕೊಂಡರೆ ಎಸ್‌ಆರ್‌ಜಿಬಿ ಮೋಡ್ ಇದೆಯೇ ನೋಡಿ. ಒಪ್ಪಿಗೆಯನ್ನು ಮಾತ್ರ ಅಚ್ಚಾದ ಪ್ರೂಫಿನ ಮೇಲೆಯೇ ಪಡೆಯಿರಿ.

4. ಕರೆಂಟು ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಕಾರ್ಡಿನ ಡಬ್ಬಿಗಿಲ್ಲ. ಅರೆಕ್ಷಣ ಕಣ್ಣು ಮಿಟುಕಿಸಿದರೂ ಕಾರ್ಡ್ ಕಳಚಿಕೊಂಡು ರೆಂಡರ್ ಅರ್ಧಕ್ಕೇ ಸಾಯುತ್ತದೆ. ಡಬ್ಬಿ, ಮಾನಿಟರು ಎರಡೂ ಯುಪಿಎಸ್ ಮೇಲಿರಲಿ. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ದೊಡ್ಡ ಕಾರ್ಡಿಗೆ ಸಾಲದು.

5. ಎಂ1 ಮತ್ತು ಅದರ ನಂತರದ ಚಿಪ್ಪಿನ ಮ್ಯಾಕ್‌ಬುಕ್‌ನವರು ಗ್ರಾಫಿಕ್ಸಿಗೆಂದು ಈ ಡಬ್ಬಿ ಕೊಳ್ಳುವುದೇ ಬೇಡ, ಆಪಲ್ ಅದಕ್ಕೆ ಬೆಂಬಲ ಕೊಟ್ಟಿಲ್ಲ.

6. ಎಚ್‌ಡಿಎಂಐ 1.4 ಪೋರ್ಟಿನಲ್ಲಿ 4ಕೆ ಚಿತ್ರ 30 ಹರ್ಟ್ಸಿಗೇ ನಿಂತು ಮೌಸ್ ಎಳೆದಾಡಿದಂತಾಗುತ್ತದೆ. ಡಿಸ್‌ಪ್ಲೇಪೋರ್ಟ್ ಇರುವುದನ್ನೇ ತನ್ನಿ, ಅದರ ವೈರು ಪೆಟ್ಟಿಗೆಯಲ್ಲಿದೆಯೇ ಎಂದು ಅಂಗಡಿಯಲ್ಲೇ ಬಿಚ್ಚಿಸಿ ನೋಡಿ.