ಬಣ್ಣದ ಎಲೆಗಳೂ ಬೆಳಕೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಸಸ್ಯಶಾಸ್ತ್ರಕ್ಕೆ ಸೇರಿದ ವಿಷಯವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಸಹಪಾಠಿ ಮಿತ್ರರು ನಗಬಹುದು, ಗುರುಗಳು ಹುಬ್ಬೇರಿಸಬಹುದು. ಈ ಪ್ರಶ್ನೆ ನನಗೆ ಪಠ್ಯಪುಸ್ತಕದಿಂದ ಬಂದುದಲ್ಲ. ಮಾರಾಟವಾಗದೆ ಮನೆಗೆ ಮರಳಿದ ನಲವತ್ತು ಗಿಡಗಳಿಂದ ಬಂದುದು. ಆ ಕಥೆಯನ್ನು ಮೊದಲು ಹೇಳಿ, ಅನಂತರ ಅದರಿಂದ ನಾನು ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇನೆ.

ನಮ್ಮೂರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರಿನ ಕೆಂಪು ಬಾಳೆಯ ಹಣ್ಣನ್ನು ಅರಿಯದವರು ನಮ್ಮ ಜಿಲ್ಲೆಯಲ್ಲಿ ವಿರಳ. ನನ್ನ ಅವ್ವ ಅಂತಹದೊಂದು ಬಾಳೆಯ ತೋಟದಲ್ಲಿ ಕೂಲಿ ಮಾಡುತ್ತಾಳೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಳೆದ ವರ್ಷ ನನ್ನ ಪರೀಕ್ಷೆಯ ಶುಲ್ಕಕ್ಕೆ ನೆರವಾಗಲೆಂದು ನಾವಿಬ್ಬರೂ ಒಂದು ಉಪಾಯ ಹೂಡಿದೆವು. ನೆರೆಯವರ ಅಂಗಳದಲ್ಲಿ ಒಂದು ಕೋಲಿಯಸ್ ಗಿಡವಿತ್ತು. ಅದರ ಎಲೆಯ ನಡುಭಾಗ ಕಡುಗೆಂಪು, ಅಂಚು ಮಾತ್ರ ಹಸಿರು. ಡಿಸೆಂಬರಿನಲ್ಲಿ ಅದರ ಟೊಂಗೆಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಖಾಲಿ ಹಾಲಿನ ಚೀಲಗಳಲ್ಲಿ ಮಣ್ಣು, ಮರಳು, ತಿಪ್ಪೆಗೊಬ್ಬರ ತುಂಬಿ ನೆಟ್ಟೆವು. ಎಳೆಯ ಗಿಡಗಳು ಬಾಡಬಾರದೆಂದು ಅವ್ವ ಮಾಲೀಕರನ್ನು ಕೇಳಿಕೊಂಡು, ಅವನ್ನೆಲ್ಲ ಬಾಳೆಯ ದಟ್ಟ ನೆರಳಿನಲ್ಲಿ ಸಾಲಾಗಿ ಇಟ್ಟಳು.

ಬೇರೇನೋ ಚೆನ್ನಾಗಿ ಹಿಡಿಯಿತು. ಫೆಬ್ರುವರಿಯ ಮೊದಲಲ್ಲಿ ನಲವತ್ತು ಗಿಡಗಳನ್ನು ಬುಟ್ಟಿಗಳಲ್ಲಿರಿಸಿಕೊಂಡು ಬಸ್ಸಿನಲ್ಲಿ ಕಲಬುರಗಿಗೆ ತಂದು, ಸೂಪರ್ ಮಾರ್ಕೆಟ್ಟಿನ ಬೀದಿಯ ಬದಿಯಲ್ಲಿ ಕುಳಿತೆವು. ಒಬ್ಬ ತಾಯಿ ಬಾಗಿ ನೋಡಿ, “ಬಣ್ಣದ ಗಿಡ ಅಂತೀ, ಎಲ್ಲಾ ಹಸರೇ ಅವಲ್ಲೋ ತಮ್ಮಾ!” ಎಂದು ಮುಂದೆ ಹೋದರು. ಆಗಲೇ ನಾನು ಕಣ್ಣಿಟ್ಟು ನೋಡಿದ್ದು. ಎಲೆಗಳು ಅಗಲವಾಗಿಯೇ ಇದ್ದವು. ಕೆಂಪು ಮಾತ್ರ ನಡುನರದ ಸುತ್ತ ಒಂದು ಗೆರೆಯಷ್ಟು ಉಳಿದಿತ್ತು. ಸಂಜೆ ಬಸ್ಸಿನಲ್ಲಿ ಅವ್ವ, “ತಂಪು ಇರ್ತದ ಅಂತ ನೆರಳಿನ್ಯಾಗ ಇಟ್ಟೆ. ನಂದೇ ತಪ್ಪಾತೇನಪಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷ ಓದಿದ ಮಗನಿಗೆ ಅದು ಸಂಕೋಚದ ಗಳಿಗೆ.

ಮರುದಿನ ನೆರಳೇ ಕಾರಣವಿರಬೇಕೆಂದು ಊಹಿಸಿ, ಹನ್ನೆರಡು ಗಿಡಗಳನ್ನು ಒಮ್ಮೆಗೇ ಬಯಲಿನ ಬಿಸಿಲಿಗಿಟ್ಟೆ. ಮೂರೇ ದಿನಗಳಲ್ಲಿ ಎಲೆಗಳು ಸುಟ್ಟು ಕಂದಿದವು. ಊಹೆ ಅರ್ಧ ಸರಿ, ಅವಸರ ಪೂರ್ತಿ ತಪ್ಪು. ಇನ್ನು ತಿಳಿಯದೆ ಕೈಹಾಕಬಾರದೆಂದು ನಗರದ ಗ್ರಂಥಾಲಯದಲ್ಲಿ ಸಸ್ಯಶಾಸ್ತ್ರದ ಪುಸ್ತಕಗಳನ್ನು ಹುಡುಕಿ ಓದತೊಡಗಿದೆ.

ಎಲೆಯಲ್ಲಿ ಬಣ್ಣ ಕೊಡುವ ದ್ರವ್ಯಗಳು ಮುಖ್ಯವಾಗಿ ಮೂರು ಬಗೆಯವು. ಹಸಿರನ್ನು ಕೊಡುವುದು ಪತ್ರಹರಿತ್ತು. ಇದು ಸೂರ್ಯನ ಬೆಳಕಿನಲ್ಲಿರುವ ಕೆಂಪು ಮತ್ತು ನೀಲಿ ಕಿರಣಗಳನ್ನು ಹೆಚ್ಚಾಗಿ ಹೀರಿ ಸಸ್ಯದ ಆಹಾರ ತಯಾರಿಕೆಗೆ ಒದಗಿಸುತ್ತದೆ. ಇದರ ಸಂಶೋಧನೆಗಾಗಿ ಜರ್ಮನಿಯ ರಿಚರ್ಡ್ ವಿಲ್‌ಸ್ಟ್ಯಾಟರ್ ಅವರಿಗೆ 1915ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹಳದಿ, ಕಿತ್ತಳೆ ಬಣ್ಣಗಳನ್ನು ಕೊಡುವವು ಕ್ಯಾರೊಟಿನಾಯ್ಡುಗಳು. ಕೋಲಿಯಸ್ಸಿನ ಕೆಂಪು, ನೇರಳೆ ಬಣ್ಣಗಳಿಗೆ ಕಾರಣ ಆಂಥೊಸಯನಿನ್. ಇದು ಜೀವಕೋಶದೊಳಗಿನ ರಸದಲ್ಲಿ ಕರಗಿರುತ್ತದೆ. ಇದನ್ನು ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಕೆಂಪೆಲೆಯೊಂದನ್ನು ಕುದಿಯುವ ನೀರಿನಲ್ಲಿ ಹಾಕಿದೆ. ಕೆಂಪು ನೀರಿಗಿಳಿದು, ಎಲೆ ಹಸಿರಾಗಿ ಉಳಿಯಿತು. ಆ ನೀರಿಗೆ ನಿಂಬೆರಸ ಹಿಂಡಿದಾಗ ಕೆಂಪು ಇನ್ನಷ್ಟು ಏರಿತು. ಕೆಂಪೆಲೆಯಲ್ಲಿಯೂ ಒಳಗೆ ಹಸಿರಿದ್ದೇ ಇರುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಕೆಂಪನ್ನು ತಯಾರಿಸಲು ಗಿಡಕ್ಕೆ ಬೆಳಕಿನ ಪ್ರೇರಣೆ ಬೇಕು. ಬೆಳಕು, ಅದರಲ್ಲಿಯೂ ನೀಲಿ ಕಿರಣಗಳು ಸಾಕಷ್ಟು ಬಿದ್ದಾಗ ಆಂಥೊಸಯನಿನ್ ಹೆಚ್ಚುತ್ತದೆ. ಅದು ಅತಿಯಾದ ಬೆಳಕಿನಿಂದ ಒಳಗಿನ ಹಸಿರನ್ನು ಕಾಯುವ ತೆರೆಯಂತೆಯೂ ಕೆಲಸ ಮಾಡುತ್ತದೆ. ದಟ್ಟ ನೆರಳಿನಲ್ಲಿ ಇಂತಹ ತೆರೆಯ ಅಗತ್ಯವಿಲ್ಲ. ಅಲ್ಲಿ ಗಿಡವು ದೊರೆತಷ್ಟು ಬೆಳಕನ್ನು ಹಿಡಿಯಲು ಎಲೆಯನ್ನು ಅಗಲವಾಗಿಯೂ ತೆಳ್ಳಗಾಗಿಯೂ ಹರಡಿ, ಹಸಿರನ್ನೇ ನೆಚ್ಚುತ್ತದೆ. ಅಂಗಳಗಳಲ್ಲಿ ಬೆಳೆಸುವ ಕ್ರೋಟನ್ ಗಿಡವೂ ಕತ್ತಲೆಯ ಮೂಲೆಯಲ್ಲಿ ಹಸಿರೆಲೆಗಳನ್ನೇ ಬಿಡುವುದು ಇದೇ ಕಾರಣದಿಂದ.

ಟೊಂಗೆಯಿಂದ ಬೆಳೆಸಿದ ಗಿಡಗಳಲ್ಲಿ ಇದನ್ನು ಪರೀಕ್ಷಿಸುವುದಕ್ಕೆ ಒಂದು ವಿಶೇಷ ಅನುಕೂಲವಿದೆ. ಬೀಜದಿಂದ ಹುಟ್ಟಿದ ಕೋಲಿಯಸ್ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಟೊಂಗೆಯಿಂದ ಬಂದವುಗಳೆಲ್ಲ ತಾಯಿಗಿಡದ ಗುಣವನ್ನೇ ಹೊತ್ತಿರುತ್ತವೆ. ಬಾಳೆಯ ಕಂದು ನೆಟ್ಟರೆ ಅದೇ ಬಾಳೆ ಬರುವಂತೆ ಇದು. ಆದುದರಿಂದ ಒಂದೇ ತಾಯಿಯ ಗಿಡಗಳ ಬಣ್ಣ ಬೇರೆಬೇರೆಯಾದರೆ, ಅದಕ್ಕೆ ಕಾರಣವನ್ನು ಅವುಗಳ ಹುಟ್ಟಿನಲ್ಲಿ ಹುಡುಕದೆ, ಬೆಳೆದ ಸ್ಥಳದಲ್ಲಿ ಹುಡುಕಬೇಕು.

ಉಳಿದ ಇಪ್ಪತ್ತೆಂಟರಲ್ಲಿ ಒಂಬತ್ತು ಗಿಡಗಳನ್ನು ಕಲಬುರಗಿಯ ನನ್ನ ಬಾಡಿಗೆ ಕೋಣೆಗೆ ತಂದೆ. ಮೂರನ್ನು ಕಿಟಕಿಯಿಂದ ದೂರ ಕೋಣೆಯೊಳಗೆ, ಮೂರನ್ನು ಬೆಳಗಿನ ಹತ್ತು ಗಂಟೆಯವರೆಗೆ ಬಿಸಿಲು ಬೀಳುವ ಪಡಸಾಲೆಯಲ್ಲಿ ಇಟ್ಟೆ. ಕೊನೆಯ ಮೂರನ್ನು ಒಂದು ವಾರ ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಿ ಮಾಳಿಗೆಯ ಮೇಲಿಟ್ಟೆ. ಮಣ್ಣು ಒಣಗದಂತೆ ಎಲ್ಲಕ್ಕೂ ನೀರು ಹಾಕಿದೆ. ನಾಲ್ಕು ವಾರಗಳ ಮೇಲೆ ಹೊಸದಾಗಿ ಮೂಡಿದ ಎಲೆಗಳನ್ನು ನೋಡಿದಾಗ ಕಂಡುದಿಷ್ಟು: ಕೋಣೆಯೊಳಗಿನವು ಮೊದಲಿನಂತೆಯೇ ಹಸಿರು, ಗಿಣ್ಣಿನಿಂದ ಗಿಣ್ಣಿಗೆ ಅಂತರ ಹೆಚ್ಚಿ ಕಾಂಡ ಕಿಟಕಿಯ ಕಡೆಗೆ ಬಾಗಿತ್ತು. ಪಡಸಾಲೆಯವು ತಾಯಿಗಿಡದಂತೆಯೇ ಕಡುಗೆಂಪು. ಮಾಳಿಗೆಯ ಮೇಲಿನವುಗಳಲ್ಲಿ ಎಲೆ ಕಿರಿದು, ಕೆಂಪು ಪೇಲವ, ಅಂಚು ಒಣಗಿತ್ತು.

ಬೆಳಕು ಮಿತಿ ಮೀರಿದಾಗ ಎಲೆಯ ವರ್ಣದ್ರವ್ಯಗಳೇ ಕೆಡುತ್ತವೆ ಎಂದು ಪುಸ್ತಕಗಳು ಹೇಳುತ್ತವೆ. ಆದರೆ ನಮ್ಮ ಕಲಬುರಗಿಯ ಬಿಸಿಲೆಂದರೆ ಬೆಳಕೂ ಹೌದು, ಕಾವೂ ಹೌದು. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವ ಊರಿದು. ಮಾಳಿಗೆಯ ಗಿಡಗಳಿಗಾದ ಹಾನಿಯಲ್ಲಿ ಬೆಳಕಿನ ಪಾಲೆಷ್ಟು, ಕಾವಿನ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವ ಸಾಧನ ನನ್ನಲ್ಲಿರಲಿಲ್ಲ. ಒಂಬತ್ತು ಗಿಡಗಳಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಲೂ ಬಾರದು. ಆದರೂ ನಮ್ಮ ಕೆಲಸಕ್ಕೆ ಬೇಕಾದ ಉತ್ತರ ಸಿಕ್ಕಿತು: ಬೇರೂರುವವರೆಗೆ ನೆರಳು, ಬೇರೂರಿದ ಮೇಲೆ ಎಳೆಬಿಸಿಲು, ಬಯಲಿಗೆ ಒಯ್ಯುವುದಾದರೆ ಹಂತಹಂತವಾಗಿ.

ಮಾರ್ಚಿಯ ಮೊದಲಲ್ಲಿ ನಾನು ಊರಿಗೆ ಹೋಗಿ, ಉಳಿದಿದ್ದ ಹತ್ತೊಂಬತ್ತು ಗಿಡಗಳನ್ನು ಅವ್ವನೊಡನೆ ತೋಟದ ಮೂಡಣ ಅಂಚಿಗೆ ಸರಿಸಿದೆ. ಅಲ್ಲಿ ಬೆಳಗಿನ ಬಿಸಿಲು ಬೀಳುತ್ತದೆ. ಹೊತ್ತೇರಿದ ಮೇಲೆ ಬಾಳೆಯ ನೆರಳು ಬರುತ್ತದೆ. ಯುಗಾದಿಯ ಹೊತ್ತಿಗೆ ಅವುಗಳಲ್ಲಿ ಕೆಂಪು ತುಂಬಿತ್ತು. ಪಡಸಾಲೆಯ ಮೂರನ್ನೂ ಸೇರಿಸಿ ಅದೇ ಬೀದಿಯಲ್ಲಿ ಮಾರಿದೆವು. ಸಂಜೆಗೆ ಬುಟ್ಟಿ ಬರಿದಾಯಿತು. ಬಂದ ಹಣ ಶುಲ್ಕದ ಅರ್ಧಕ್ಕೆ ಸಾಕಾಯಿತು. ಉಳಿದರ್ಧವನ್ನು ಅವ್ವ ತನ್ನ ಕೂಲಿಯಿಂದ ಕೊಟ್ಟಳು.

ಅಂದು ಬಸ್ಸಿನಲ್ಲಿ ಅವಳು ಕೇಳಿದ್ದ ಪ್ರಶ್ನೆಗೆ ಈಗ ಉತ್ತರಿಸಬಲ್ಲೆನಾಗಿದ್ದೆ. ನೆರಳಿನಲ್ಲಿಟ್ಟದ್ದು ತಪ್ಪಲ್ಲ, ನೆರಳಿಲ್ಲದಿದ್ದರೆ ಎಳೆಯ ಟೊಂಗೆಗಳು ಬೇರು ಬಿಡುವ ಮೊದಲೇ ಬಾಡುತ್ತಿದ್ದವು. ಬೇರು ಬಿಟ್ಟ ಮೇಲೂ ಅಲ್ಲಿಯೇ ಬಿಟ್ಟದ್ದಷ್ಟೇ ತಪ್ಪು ಎಂದು ವಿವರಿಸಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಈ ಸರ್ತಿ ನೂರು ಹಚ್ಚೋಣು” ಎಂದಳು.

ಈ ಬರೆಹದಲ್ಲಿ ದೋಷಗಳಿದ್ದರೆ ಬಲ್ಲವರು ತಿದ್ದಬೇಕೆಂದು ವಿನಂತಿಸುತ್ತೇನೆ.