ಹಾಲು ಒಗ್ಗದ ಕೂಸಿನ ಬೆಳಗಿನ ಉಪಾಹಾರ

ಪ್ರಶ್ನೆ: ನನ್ನ ಮಗನಿಗೆ ಒಂದು ವರ್ಷ ಏಳು ತಿಂಗಳು. ಹಸುವಿನ ಹಾಲು ಕುಡಿಸಿದ ಅರ್ಧ ಗಂಟೆಯೊಳಗೆ ಮೈಮೇಲೆ ದದ್ದೆದ್ದು ವಾಂತಿಯಾಗುತ್ತಿತ್ತು. ಮಕ್ಕಳ ತಜ್ಞರು ಪರೀಕ್ಷಿಸಿ, ಹಾಲಿನ ಅಲರ್ಜಿಯೆಂದು ಹೇಳಿ ಹಾಲು, ಮೊಸರು, ಬೆಣ್ಣೆ ಎಲ್ಲವನ್ನೂ ನಿಲ್ಲಿಸಿದ್ದಾರೆ. ಹಾಲಿಲ್ಲದೆ ಕೂಸು ಹೇಗೆ ಬೆಳೆದೀತೆಂದು ಅತ್ತೆಯವರು ದಿನವೂ ಕೊರಗುತ್ತಾರೆ. ಬೆಳಿಗ್ಗೆ ಏನು ಕೊಡಲಿ? ಬಾದಾಮಿ ಹಾಲು ಆಗಬಹುದೆ? ನಾವು ಸಸ್ಯಾಹಾರಿಗಳು.
— ಒಬ್ಬ ತಾಯಿ, ತಿಪಟೂರು

ಉತ್ತರ: ತಾಯಿ, ನಿಮ್ಮ ಅತ್ತೆಯವರ ಕೊರಗು ಅಕಾರಣವಾದುದಲ್ಲ. ಹಸುವಿನ ಹಾಲೇ ಶೈಶವದ ಪ್ರಧಾನಾಹಾರವೆಂದು ತಲೆತಲಾಂತರದಿಂದ ನಂಬಿಕೊಂಡು ಬಂದಿರುವ ನಮ್ಮ ಮನೆಗಳಲ್ಲಿ ಹಾಲಿನ ಲೋಟವಿಲ್ಲದ ಬೆಳಗು ಹಿರಿಯರ ಕಣ್ಣಿಗೆ ಉಪವಾಸದಂತೆ ತೋರುವುದು ಸಹಜವೇ. ಆದರೆ ವರ್ಷ ತುಂಬಿ, ಹಲ್ಲು ಮೂಡಿ, ಮನೆಮಂದಿ ಉಣ್ಣುವುದನ್ನೇ ಮೆತ್ತಗೆ ಮಾಡಿಕೊಟ್ಟರೆ ಉಣ್ಣಬಲ್ಲ ಮಗುವಿಗೆ ಹಸುವಿನ ಹಾಲು ಅನುಕೂಲವಾದ ಆಹಾರವೇ ಹೊರತು ಅನಿವಾರ್ಯವಾದ ಆಹಾರವಲ್ಲವೆಂಬುದನ್ನು ಅವರಿಗೆ ಸಮಾಧಾನದಿಂದ ತಿಳಿಯಹೇಳಿ. ಕಬ್ಬಿಣಾಂಶವು ಅತ್ಯಲ್ಪವಾಗಿರುವ ಹಾಲನ್ನೇ ಹೊಟ್ಟೆ ತುಂಬ ಕುಡಿದು, ಅನ್ನ ಬೇಳೆಗಳನ್ನು ಮುಟ್ಟದೆ, ರಕ್ತಹೀನತೆಯಿಂದ ಬಿಳಿಚಿಕೊಂಡು ಬರುವ ಕೂಸುಗಳನ್ನು ಮಕ್ಕಳ ವೈದ್ಯರೆಲ್ಲರೂ ಬಲ್ಲರು. ನೀವು ಇನ್ನೂ ಎದೆಹಾಲೂಡುತ್ತಿದ್ದರೆ ಅದನ್ನು ಅವಶ್ಯವಾಗಿ ಮುಂದುವರಿಸಿ; ನಿಮ್ಮ ಎದೆಹಾಲಿನಿಂದಲೇ ಅವನಿಗೆ ದದ್ದು ವಾಂತಿಗಳು ಬರುತ್ತಿಲ್ಲವಾದರೆ ನೀವು ಹಾಲು ಮೊಸರು ಬಿಡಬೇಕಾದ ಕಾರಣವೂ ಇಲ್ಲ.

ಬಾದಾಮಿ ಹಾಲಿನ ವಿಷಯದಲ್ಲಿ ಮೊದಲು ಎಚ್ಚರಿಕೆ ಹೇಳಬೇಕು. ನಮ್ಮ ಬೇಕರಿ ಹೋಟೆಲುಗಳಲ್ಲಿ ಆ ಹೆಸರಿನಿಂದ ದೊರೆಯುವುದು ಬಾದಾಮಿಯ ಪುಡಿಯನ್ನೂ ಸಕ್ಕರೆಯನ್ನೂ ಬೆರೆಸಿದ ಹಸುವಿನ ಹಾಲೇ. ಅದು ನಿಮ್ಮ ಮಗನಿಗೆ ಅಪಾಯಕರ. ಬಾದಾಮಿಯನ್ನು ನೀರಿನಲ್ಲಿ ರುಬ್ಬಿ ಸೋಸಿದ ಪೇಯವಾದರೋ ಬಹುಪಾಲು ನೀರು. ನಿಮ್ಮ ಊರಿನ ತೆಂಗಿನಕಾಯಿಯ ಹಾಲು ರುಚಿಯಾದದ್ದು, ಜಿಡ್ಡನ್ನು ಧಾರಾಳವಾಗಿ ಕೊಡತಕ್ಕದ್ದು. ಆದರೆ ಅದರಲ್ಲಿ ಸಸಾರಜನಕವೂ ಸುಣ್ಣಾಂಶವೂ ತೀರ ಕಡಮೆ. ಹಾಲಿಗೆ ಬದಲಾಗಿ ಹಾಲನ್ನೇ ಹೋಲುವ ಮತ್ತೊಂದು ಬಿಳಿಯ ದ್ರವವನ್ನು ಹುಡುಕುವ ಪ್ರಯತ್ನವನ್ನು ಬಿಟ್ಟು, ಹಾಲು ಮಾಡುತ್ತಿದ್ದ ಕೆಲಸಗಳನ್ನು ಧಾನ್ಯ, ಬೇಳೆ, ಎಣ್ಣೆಬೀಜ, ಸೊಪ್ಪುಗಳಿಗೆ ಹಂಚಿಕೊಡುವುದೇ ಸರಿಯಾದ ದಾರಿಯೆಂದು ನನ್ನ ದೃಢವಾದ ಅಭಿಪ್ರಾಯ.

ಆ ದಾರಿಯಲ್ಲಿ ಮೊದಲು ಎದುರಾಗುವುದು ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿರುತ್ತದೆ. ಅಕ್ಕಿ ಗೋಧಿಗಳು ಅದರ ಹತ್ತಿರಕ್ಕೂ ಬರಲಾರವು. ರಾಗಿಯನ್ನು ಕೇರಿ, ತೊಳೆದು, ರಾತ್ರಿಯೆಲ್ಲ ನೆನೆಯಿಟ್ಟು, ನೀರು ಬಸಿದು ಒದ್ದೆಬಟ್ಟೆಯಲ್ಲಿ ಗಂಟು ಕಟ್ಟಿ, ಬಿಳಿಯ ಮೊಳಕೆಗಳು ಇಣುಕಿದ ಮೇಲೆ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಬೆಚ್ಚಗೆ ಮಾಡಿ ಹಿಟ್ಟು ಮಾಡಿಸಿಕೊಳ್ಳಿ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಒಂದು ಕಿಣ್ವವು ಪಿಷ್ಟವನ್ನು ಕರಗಿಸುವುದರಿಂದ, ಅಷ್ಟೇ ನೀರಿನಲ್ಲಿ ಹೆಚ್ಚು ಹಿಟ್ಟು ಹಾಕಿ ಬೇಯಿಸಿದರೂ ಗಂಜಿ ಗಟ್ಟಿಯಾಗಿ ಕಟ್ಟಿಕೊಳ್ಳುವುದಿಲ್ಲ. ಕೂಸಿನ ಪುಟ್ಟ ಹೊಟ್ಟೆಗೆ ನೀರಿಗಿಂತ ಅನ್ನವೇ ಹೆಚ್ಚಾಗಿ ಸೇರುತ್ತದೆ. ಕಪ್ಪಗಾಗುವಂತೆ ಹುರಿದರೆ ಆ ಗುಣ ನಷ್ಟವಾಗುವುದು. ಹಿಟ್ಟನ್ನು ತೆಳುಬಟ್ಟೆಯಲ್ಲಿ ಸೋಸಿ ವಸ್ತ್ರಗಾಳಿತ ಮಾಡುವ ಪದ್ಧತಿ ಆರೇಳು ತಿಂಗಳ ಹಸುಗೂಸಿಗೆ ತಕ್ಕುದು. ನಿಮ್ಮ ಮಗನಿಗೆ ಅದು ಬೇಡ, ಏಕೆಂದರೆ ಸುಣ್ಣಾಂಶದ ದೊಡ್ಡ ಪಾಲು ಸಿಪ್ಪೆಯಲ್ಲೇ ಇದ್ದು ಬಟ್ಟೆಯ ಮೇಲೆಯೇ ಉಳಿದುಹೋಗುತ್ತದೆ.

ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕೈಬಿಡದೆ ತಿರುವುತ್ತ ಬೇಯಿಸಿ, ಬೆಲ್ಲ ಹಾಕಿ, ನುಣ್ಣಗೆ ಪುಡಿ ಮಾಡಿದ ಹುರಿಗಡಲೆ ಒಂದು ಚಮಚವನ್ನೂ ಹುರಿದು ಕುಟ್ಟಿದ ಎಳ್ಳು ಅರ್ಧ ಚಮಚವನ್ನೂ ಗಟ್ಟಿ ತೆಂಗಿನಹಾಲನ್ನೂ ಸೇರಿಸಿ. ಚಮಚವೆತ್ತಿದರೆ ಧಾರೆಯಾಗಿ ಸುರಿಯದೆ ಮೆಲ್ಲನೆ ಜಾರಬೇಕು, ಅದೇ ಹದ. ಎಳ್ಳು ಕಡಲೆಕಾಯಿಗಳೂ ಕೆಲವು ಮಕ್ಕಳಿಗೆ ಒಗ್ಗುವುದಿಲ್ಲವಾದ್ದರಿಂದ ಒಂದೊಂದನ್ನೇ, ಮೊದಲ ದಿನ ಚಿಟಿಕೆಯಷ್ಟೇ ಕೊಟ್ಟು ನೋಡಿ. ಇಡಿಯ ಕಡಲೆಬೀಜವನ್ನು ಐದು ವರ್ಷದವರೆಗೆ ಮಗುವಿನ ಕೈಗೆ ಕೊಡಲೇಕೂಡದು. ಅದು ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ.

ದಿನವೂ ಗಂಜಿಯನ್ನೇ ಕೊಡಬೇಕೆಂದಿಲ್ಲ. ಇಡ್ಲಿ, ಉದ್ದಿನ ದೋಸೆ, ಹೆಸರುಬೇಳೆ ದೋಸೆ, ನುಗ್ಗೆಸೊಪ್ಪು ಹೆಚ್ಚಿ ಹಾಕಿ ಮೆತ್ತಗೆ ಬೇಯಿಸಿದ ರಾಗಿರೊಟ್ಟಿ, ತೊಗರಿಬೇಳೆಯ ಕಟ್ಟಿನಲ್ಲಿ ನೆನೆಸಿದ ಅವಲಕ್ಕಿ, ಕರಾವಳಿಯವರ ನೀರುದೋಸೆ, ತೆಂಗಿನಹಾಲಿನ ಬಾಳೆಹಣ್ಣಿನ ರಸಾಯನದೊಡನೆ ಒತ್ತುಶ್ಯಾವಿಗೆ, ಇವೆಲ್ಲ ಹಾಲಿನ ಹಂಗೇ ಇಲ್ಲದ ತಿಂಡಿಗಳು. ಅಕ್ಕಿಯಿಂದಲೇ ಆದ ನೀರುದೋಸೆಯ ದಿನ ಜೊತೆಗೆ ಒಂದಿಷ್ಟು ಬೇಳೆಯನ್ನೋ ಹುರಿಗಡಲೆ ಚಟ್ನಿಯನ್ನೋ ಇಡಿ, ಸಾಕು. ಸಸಾರಜನಕಕ್ಕಾಗಿ ಚಿಂತಿಸಬೇಡಿ: ಈ ವಯಸ್ಸಿಗೆ ದಿನಕ್ಕೆ ಬೇಕಾದುದು ಹನ್ನೆರಡು ಗ್ರಾಮಿನ ಆಸುಪಾಸು, ಇಪ್ಪತ್ತೈದು ಗ್ರಾಂ ಹೆಸರುಬೇಳೆಯಲ್ಲೇ ಅದರ ಅರ್ಧ ದೊರೆಯುವುದು.

ಸುಣ್ಣಾಂಶದ ಲೆಕ್ಕ ಅಷ್ಟು ಸುಲಭವಲ್ಲ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಪಡಿಸಿದೆ. ಮೂವತ್ತು ಗ್ರಾಂ ರಾಗಿಹಿಟ್ಟು ಕೊಡುವುದು ನೂರರಷ್ಟು. ಎಳ್ಳು ನುಗ್ಗೆಸೊಪ್ಪುಗಳು ಸ್ವಲ್ಪ ಸ್ವಲ್ಪ ಕೂಡಿಸುತ್ತವೆ. ಪಾಲಕದಲ್ಲಿರುವುದಾದರೋ ಆಕ್ಸಲೇಟಿನ ದೆಸೆಯಿಂದ ಮೈಗೆ ಹತ್ತುವುದು ಕಡಮೆ. ಹೀಗಾಗಿ ಕೊರತೆ ಬೀಳುವಷ್ಟನ್ನು ಔಷಧರೂಪದಲ್ಲಿ ಕೊಡಬೇಕೆ, ವಿಟಮಿನ್ ಡಿ ಎಷ್ಟು ಕೊಡಬೇಕು ಎಂಬುದನ್ನು ನಿಮ್ಮ ವೈದ್ಯರಲ್ಲಿ ಕೇಳಿಕೊಳ್ಳಿ. ಇದರಲ್ಲಿ ಸಂಕೋಚ ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದ ಮಾತು ವಿಟಮಿನ್ ಬಿ12ರದು. ಅದು ಪ್ರಾಣಿಜನ್ಯ ಆಹಾರದಲ್ಲಲ್ಲದೆ ಧಾನ್ಯ ಕಾಯಿಪಲ್ಲೆಗಳಲ್ಲಿ ಸ್ವಭಾವತಃ ಇರುವುದಿಲ್ಲ. ಸಸ್ಯಾಹಾರಿಯಾದ ಮನೆಯಲ್ಲಿ ಹಾಲೊಂದೇ ಅದರ ಮೂಲವಾಗಿರುವಾಗ, ಆ ಹಾಲೂ ನಿಂತರೆ, ರಾಗಿಯನ್ನೂ ಬೇಳೆಯನ್ನೂ ಎಷ್ಟೇ ಶ್ರದ್ಧೆಯಿಂದ ಉಣಿಸಿದರೂ ಆ ಒಂದು ಕೊರತೆ ತುಂಬಲಾರದು. ಮಗು ಬಿಳಿಚಿಕೊಳ್ಳುವುದು, ಬೆರಳ ಗೆಣ್ಣುಗಳ ಮೇಲೆ ಕಪ್ಪು ಕವಿಯುವುದು, ಕಲಿತ ಆಟ ಮಾತುಗಳನ್ನು ಮರೆತು ಮಂಕಾಗುವುದು, ಕೈ ನಡುಗುವುದು, ಇವು ಅದರ ಲಕ್ಷಣಗಳು. ಅವು ಕಾಣಿಸಿಕೊಳ್ಳುವವರೆಗೆ ಕಾಯುವುದು ಸರ್ವಥಾ ಸಲ್ಲದು. ಮೊಟ್ಟೆ ಒಪ್ಪುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ ಕೊಡಬಹುದು. ಒಪ್ಪದಿದ್ದರೆ ಬಿ12ರ ಹನಿಗಳನ್ನು ವೈದ್ಯರಿಂದ ಇಂದೇ ಬರೆಸಿಕೊಳ್ಳಿ. ಎದೆಹಾಲೂಡುವ ತಾಯಿಯಲ್ಲಿಯೂ ಅದರ ಕೊರತೆಯಿದೆಯೆ ಎಂದು ನೋಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಮೊಮ್ಮಗಳಿಗೆ ಎರಡು ವರ್ಷ, ಹಸುವಿನ ಹಾಲು ಅಲರ್ಜಿ. ಆಡಿನ ಹಾಲು ಹಗುರವೆನ್ನುತ್ತಾರೆ, ಕೊಡಬಹುದೆ? ಹಾಲು ಮೊಸರಾದರೆ ದೋಷ ಹೋಗುವುದಿಲ್ಲವೆ?
— ಒಬ್ಬ ಹಿರಿಯರು, ಗದಗ

ಉತ್ತರ: ಎರಡೂ ಕೂಡದು. ಅಲರ್ಜಿಗೆ ಕಾರಣವಾದ ಸಸಾರಜನಕಗಳು ಆಡು, ಎಮ್ಮೆ, ಹಸು ಮೂರರ ಹಾಲಿನಲ್ಲಿಯೂ ಬಹುಮಟ್ಟಿಗೆ ಒಂದೇ ತೆರನಾಗಿರುವುದರಿಂದ ಒಂದಕ್ಕೆ ಕೆರಳುವ ದೇಹ ಮತ್ತೊಂದಕ್ಕೂ ಕೆರಳುವುದು. ಹೆಪ್ಪು ಹಾಕಿದ ಮಾತ್ರಕ್ಕೆ ಅವು ನಾಶವಾಗುವುದಿಲ್ಲ, ತುಪ್ಪದಲ್ಲಿಯೂ ಲೇಶಮಾತ್ರ ಉಳಿದಿರಬಹುದು. ತಿಂಡಿಗಳಲ್ಲಿ ಅಡಗಿರುವ ಹಾಲನ್ನೂ ಗಮನಿಸಿ: ರವೆ ಇಡ್ಲಿಯ ಹಿಟ್ಟನ್ನು ಕಲೆಸುವುದು ಮೊಸರಿನಲ್ಲಿ, ಮಂಗಳೂರು ಬನ್ಸಿಗೂ ಮೊಸರು ಬೀಳುತ್ತದೆ, ಹೋಟೆಲಿನ ದೋಸೆಯ ಮೇಲೆ ಬೆಣ್ಣೆ, ಬಿಸ್ಕತ್ತು ಮತ್ತು ಮಾಲ್ಟ್ ಪುಡಿಗಳಲ್ಲಿ ಹಾಲಿನ ಪುಡಿ. ಪೊಟ್ಟಣದ ಮೇಲೆ ಹಾಲಿನ ಅಂಶವನ್ನು ನಮೂದಿಸಬೇಕೆಂಬ ಕಾನೂನಿದೆ, ಓದಿ ಕೊಳ್ಳಿ. ಪೂಜೆಯ ದಿನ ಅಂಗೈಗೆ ಬೀಳುವ ಒಂದುದ್ಧರಣೆ ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ ಮೂರೂ ಇರುತ್ತವೆ. ಕೂಸಿಗೆ ತುಳಸಿಯ ನೀರನ್ನಷ್ಟೇ ಕೊಡುವಂತೆ ಪುರೋಹಿತರಿಗೆ ಮುಂಚಿತವಾಗಿ ತಿಳಿಸಿ. ತುಟಿ ನಾಲಗೆ ಊದಿಕೊಂಡರೆ, ಉಸಿರು ಸುಂಯ್‌ಗುಟ್ಟಿದರೆ, ಮಗು ಸೋತು ಬಿದ್ದರೆ ಮನೆಮದ್ದಿಗೆ ಕೈಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಬಹಳಷ್ಟು ಮಕ್ಕಳಿಗೆ ಐದಾರು ವರ್ಷದ ವೇಳೆಗೆ ಈ ತೊಂದರೆ ತಾನಾಗಿ ಹೋಗುವುದುಂಟು. ಹೋಗಿದೆಯೆ ಎಂದು ಮನೆಯಲ್ಲಿ ಗುಟುಕು ಕುಡಿಸಿ ನೋಡಬೇಡಿ, ಆ ಪರೀಕ್ಷೆಯನ್ನು ವೈದ್ಯರ ಮುಂದೆಯೇ ಮಾಡಿಸಬೇಕು.

ಪ್ರಶ್ನೆ: ಮಗಳಿಗೆ ವಾರಕಾಲ ಭೇದಿಯಾಗಿತ್ತು. ಈಗ ಹಾಲು ಕುಡಿದರೆ ಹೊಟ್ಟೆಯುಬ್ಬರಿಸಿ ನೀರುನೀರಾಗಿ ಹೋಗುತ್ತದೆ. ಇನ್ನು ಹಾಲು ಪೂರ್ತಿ ನಿಲ್ಲಿಸಬೇಕೆ?
— ಒಬ್ಬ ತಾಯಿ, ಕುಂದಾಪುರ

ಉತ್ತರ: ಇದು ಅಲರ್ಜಿಯಲ್ಲ. ಭೇದಿಯಿಂದ ಕರುಳಿನ ಒಳಪದರ ಸವೆದು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ತಾತ್ಕಾಲಿಕವಾಗಿ ಕುಂದಿರುತ್ತದೆ. ಎದೆಹಾಲು ಕುಡಿಯುತ್ತಿದ್ದರೆ ಅದನ್ನು ಬಿಡಿಸಬಾರದು. ಹಸುವಿನ ಹಾಲನ್ನು ಎರಡು ಮೂರು ವಾರ ನಿಲ್ಲಿಸಿ, ಮೇಲೆ ಹೇಳಿದ ಗಂಜಿ ದೋಸೆಗಳನ್ನು ಕೊಡುತ್ತ, ಮೊಸರು ಒಗ್ಗಿದರೆ ಅದನ್ನೂ ಕೊಡಿ. ಹೆಪ್ಪಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಭಾಗವನ್ನು ಮುಂಚೆಯೇ ಕರಗಿಸಿರುತ್ತವೆ. ಆಮೇಲೆ ಹಾಲನ್ನು ಕಾಲು ಲೋಟದಿಂದ ಮತ್ತೆ ಆರಂಭಿಸಿ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಅಥವಾ ತಿಂಗಳಾದರೂ ಹಾಲು ಒಗ್ಗದಿದ್ದರೆ ಮಗುವನ್ನು ವೈದ್ಯರಿಗೆ ತೋರಿಸಿ.