ಫಾರಂ 1ಎ ಮೇಲೆ ಸಹಿ ಬೀಳುವ ಮೊದಲು

ಕೊಳ್ಳೇಗಾಲದಲ್ಲಿ ಕ್ಲಿನಿಕ್ ಇಟ್ಟುಕೊಂಡವನ ಮೇಜಿಗೆ ಜ್ವರ, ಕೆಮ್ಮು, ಸೊಂಟನೋವಿನ ಜೊತೆ ಒಂದು ಕಾಗದವೂ ತಪ್ಪದೆ ಬರುತ್ತದೆ. ಡ್ರೈವಿಂಗ್ ಲೈಸೆನ್ಸ್ ನವೀಕರಣಕ್ಕೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ, ಫಾರಂ 1ಎ. ವಯಸ್ಸು ನಲವತ್ತು ದಾಟಿದವರಿಗೆ ಅದು ಬೇಕು. ಲಾರಿ, ಬಸ್ಸಿನಂಥ ಸಾರಿಗೆ ವಾಹನದ ಲೈಸೆನ್ಸ್ ಇದ್ದರೆ ಯಾವ ವಯಸ್ಸಿನಲ್ಲೂ ಬೇಕು. ಅದನ್ನು ಹಿಡಿದು ಬರುವವರಲ್ಲಿ ರೇಷ್ಮೆ ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವ ಗೂಡ್ಸ್ ಆಟೋದವರಿದ್ದಾರೆ, ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಟೆಂಪೊ ಬಿಡುವವರಿದ್ದಾರೆ, ಯಳಂದೂರು ಕಡೆಯಿಂದ ಕಬ್ಬು ಹೊರುವ ಟ್ರ್ಯಾಕ್ಟರಿನವರಿದ್ದಾರೆ, ಬೈಕಿನಲ್ಲಿ ಶಾಲೆಗೆ ಹೋಗಿಬರುವ ಮೇಷ್ಟ್ರುಗಳೂ ಇದ್ದಾರೆ. ಹೆಚ್ಚಿನವರ ಮಾತು ಒಂದೇ: "ಒಂದು ಸೈನ್ ಹಾಕ್ಬುಡಿ ಸಾ, ನಂಗೇನೂ ತೊಂದ್ರ ಇಲ್ಲ."

ತೊಂದರೆ ಇರುತ್ತದೆ. ಹೇಳಿದರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ಮನೆಯ ಅನ್ನ ಹೋಗುತ್ತದೆ ಎಂಬ ಭಯಕ್ಕೆ ಮುಚ್ಚಿಡುತ್ತಾರೆ. ನಾನು ಕಂಡಿರುವುದು ಬೇರೆ. ಕಾಯಿಲೆ ಹೇಳಿಕೊಂಡು ಚಿಕಿತ್ಸೆಗೆ ಬಂದವರಲ್ಲಿ ಬಹುಪಾಲು ಜನರ ಲೈಸೆನ್ಸ್ ಉಳಿದಿದೆ. ಮುಚ್ಚಿಟ್ಟವರ ಕಾಯಿಲೆಯೇ ಬೆಳೆದು ಕಣ್ಣು, ಕಾಲು, ಕೊನೆಗೆ ಲೈಸೆನ್ಸನ್ನೂ ತೆಗೆದುಕೊಂಡು ಹೋಗಿದೆ. ಆ ಭಯ ಇರುವವರಿಗಾಗಿ ಈ ಪಾಠಗಳನ್ನು ಬರೆಯುತ್ತಿದ್ದೇನೆ.

1. ಕೇಳದೇ ಇರುವುದನ್ನು ಮುಚ್ಚಿಡಬೇಡಿ, ಕೇಳಿರುವುದಕ್ಕೆ ಸುಳ್ಳು ಹೇಳಬೇಡಿ.

ಅರ್ಜಿದಾರನೇ ತುಂಬಿ ಸಹಿ ಮಾಡುವ ಘೋಷಣೆ ಫಾರಂ 1. ವೈದ್ಯರು ತುಂಬುವುದು ಫಾರಂ 1ಎ. ಎರಡೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿವೆ. ಫಾರಂ 1ನ್ನು ಪೂರ್ತಿ ಓದಿದವರು ನಮ್ಮಲ್ಲಿ ಕಡಿಮೆ. ಬಿಪಿ, ಶುಗರ್, ಥೈರಾಯ್ಡ್, ಅಸ್ತಮಾ ಎಂಬ ಹೆಸರುಗಳೇ ಅದರಲ್ಲಿ ಇಲ್ಲ. ಅದು ಕೇಳುವುದು ಇಷ್ಟು: ಮೂರ್ಛೆ ರೋಗ ಅಥವಾ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಇದೆಯೇ? ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಗುರುತು ಹತ್ತುತ್ತದೆಯೇ? ಕೈಕಾಲು ಕಳೆದುಕೊಂಡಿದ್ದೀರಾ, ಅವುಗಳ ಶಕ್ತಿ ಕುಂದಿದೆಯೇ? ಬಣ್ಣ ಗೊತ್ತಾಗುತ್ತದೆಯೇ? ಇರುಳುಗುರುಡು ಇದೆಯೇ? ಹಾರ್ನ್ ಕೇಳಿಸುತ್ತದೆಯೇ? ನೀವು ಗಾಡಿ ಓಡಿಸಿದರೆ ಜನರಿಗೆ ಅಪಾಯವಾಗುವಂಥ ಬೇರೆ ಕಾಯಿಲೆ ಏನಾದರೂ ಇದೆಯೇ?

ಇವುಗಳಲ್ಲೂ ಬಿಗಿ ಸಡಿಲಾಗುತ್ತ ಬಂದಿದೆ. ಕಿವಿ ಕೇಳಿಸದವರು ಚಾಲನಾ ಪರೀಕ್ಷೆಯಲ್ಲಿ ಪಾಸಾದರೆ ಲೈಸೆನ್ಸ್ ಕೊಡಬೇಕೆಂದು ದೆಹಲಿ ಹೈಕೋರ್ಟ್ 2011ರಲ್ಲೇ ಹೇಳಿತು. ಸೌಮ್ಯ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಫಾರಂ 1 ಮತ್ತು 1ಎಗಳನ್ನೇ ತಿದ್ದಿ ದಾರಿ ಮಾಡಿಕೊಟ್ಟಿತು. ಹೀಗಿರುವಾಗ, ಫಾರಂ ಹೆಸರಿಸದ ಶುಗರ್ ಹತೋಟಿಯಲ್ಲಿರುವ ಮನುಷ್ಯ ತನ್ನ ಕಾಯಿಲೆಯನ್ನು ಡಾಕ್ಟರಿಂದ ಅಡಗಿಸುವ ಅಗತ್ಯವೇ ಇಲ್ಲ.

2. ತಾರೀಖನ್ನು ಮೊದಲು ನೋಡಿ.

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೆಕ್ಕ ಬದಲಾಗಿದೆ. ಸಾರಿಗೆ ವಾಹನದ ಲೈಸೆನ್ಸಿಗೆ 5 ವರ್ಷದ ಅವಧಿ. ಸ್ವಂತ ವಾಹನದ್ದಾದರೆ, 30 ವರ್ಷದೊಳಗೆ ಮಾಡಿಸಿದವರಿಗೆ 40 ತುಂಬುವವರೆಗೆ, 30ರಿಂದ 50ರೊಳಗಿನವರಿಗೆ 10 ವರ್ಷ, 50ರಿಂದ 55ರೊಳಗಿನವರಿಗೆ 60 ತುಂಬುವವರೆಗೆ, ಆಮೇಲೆ ಪ್ರತಿ ಸಲ 5 ವರ್ಷ. ಮೊದಲು ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ಜೀವಂತವಾಗಿರುತ್ತಿತ್ತು. 2019ರ ತಿದ್ದುಪಡಿ ಆ ರಿಯಾಯಿತಿಯನ್ನು ತೆಗೆಯಿತು. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು.

ಕಾಯಿಲೆ ಇರುವವರು ಮೂರು ನಾಲ್ಕು ತಿಂಗಳು ಮುಂಚೆಯೇ ಬನ್ನಿ. ಶುಗರ್ ಹತೋಟಿಗೆ ತರಲು, ಕಣ್ಣಿನ ಪೊರೆ ತೆಗೆಸಿ ಹೊಸ ಕನ್ನಡಕ ಹಾಕಿಸಲು, ಮಾತ್ರೆ ಬದಲಿಸಿ ಹೊಂದಿಸಲು ಅಷ್ಟು ಸಮಯ ಬೇಕೇ ಬೇಕು. ನಾಳೆ ಅವಧಿ ಮುಗಿಯುತ್ತದೆ ಎಂದು ಇವತ್ತು ಸಂಜೆ ಬಂದವನಿಗೆ ನಾನು ಏನನ್ನೂ ಸರಿಮಾಡಿಕೊಡಲಾರೆ.

ದೂರದ ಲೆಕ್ಕವೂ ಇದೆ. ನಮ್ಮ ಕೆಎ-10 ಸಾರಿಗೆ ಕಚೇರಿ (ಆರ್‌ಟಿಒ) ಇರುವುದು ಚಾಮರಾಜನಗರದಲ್ಲಿ. ಮಾದಪ್ಪನ ಬೆಟ್ಟದ ಕಡೆಯ ಊರುಗಳಿಂದ ಅದು ನೂರು ಕಿಲೋಮೀಟರಿಗೂ ಮೇಲೆ. ಹೋಗಿಬರುವುದಕ್ಕೆ ಒಂದು ದಿನದ ಸಂಪಾದನೆ ಬಿಡಬೇಕು. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆಧಾರ್ ದೃಢೀಕರಣದ ಮೇಲೆ ಕಚೇರಿಗೆ ಹೋಗದೆ ಪಡೆಯಬಹುದಾದ ಸೇವೆಗಳನ್ನು ಪ್ರಕಟಿಸಿತು. ಪರೀಕ್ಷೆ ಬೇಡದ ಲೈಸೆನ್ಸ್ ನವೀಕರಣವೂ ಅದರಲ್ಲಿದೆ. ಸಾರಥಿ ಜಾಲತಾಣದಲ್ಲಿ ಅರ್ಜಿ ತುಂಬಲು ಬಾರದವರು ಊರಿನ ಗ್ರಾಮ ಒನ್ ಕೇಂದ್ರದಲ್ಲಿ ಅಥವಾ ಓದಿದ ಮಕ್ಕಳ ಕೈಲಿ ಮಾಡಿಸಿ.

3. ಕಣ್ಣಿನ ಪರೀಕ್ಷೆ ಮನೆ ಮುಂದೆಯೇ ಶುರುವಾಗಲಿ.

ಬೀದಿಯಲ್ಲಿ ನಿಂತ ಗಾಡಿಯಿಂದ ಮೂವತ್ತೈದು ಹೆಜ್ಜೆ ಹಿಂದೆ ಹೋಗಿ. ಒಂದೊಂದೇ ಕಣ್ಣು ಮುಚ್ಚಿಕೊಂಡು ನಂಬರ್ ಓದಿ. ಕನ್ನಡಕ ಹಾಕಿಕೊಂಡು ಓದಿದರೂ ನಿಯಮಕ್ಕೆ ಸರಿಯೇ. ಆಗದಿದ್ದರೆ ಮೊದಲು ಕಣ್ಣಿನ ಡಾಕ್ಟರು, ಆಮೇಲೆ ಫಾರಂ. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ಹನೂರು-ಕೊಳ್ಳೇಗಾಲ ರಸ್ತೆಯಲ್ಲೇ ಇದೆ, ಕೊಳ್ಳೇಗಾಲದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ದೊಡ್ಡ ತೊಂದರೆಗೆ ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಲೈಸೆನ್ಸ್ ಪಡೆದು ಐದು ವರ್ಷವಾದ ಮೇಲೆ ಒಂದು ಕಣ್ಣಿನ ದೃಷ್ಟಿ ಹೋದವರಿಗೂ, ಸಾರಿಗೆಯದಲ್ಲದ ಲಘು ವಾಹನದ ಮಟ್ಟಿಗೆ, ಫಾರಂ 1 ಅವಕಾಶ ಕೊಟ್ಟಿದೆ. ಆ ಸಾಲನ್ನು ಓದದೆ ಆಸೆ ಬಿಟ್ಟವರು ಇದ್ದಾರೆ.

4. ಶುಗರ್ ಏರುವುದಕ್ಕಿಂತ ಇಳಿಯುವುದು ಸ್ಟಿಯರಿಂಗಿಗೆ ಅಪಾಯ.

ಜನ ಹೆದರುವುದು ಮುನ್ನೂರು, ನಾನೂರು ಎಂಬ ಅಂಕಿಗೆ. ಗಾಡಿಯಲ್ಲಿ ಕೂತವನಿಗೆ ತಕ್ಷಣದ ಅಪಾಯ ಎಪ್ಪತ್ತರ ಕೆಳಗಿದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆ ನುಂಗುವವರಿಗೆ ಊಟ ತಪ್ಪಿದರೆ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಎದೆ ಬಡಿತ ಮೊದಲು. ಆಮೇಲೆ ಮಂಕು. ಆ ಮಂಕಿನಲ್ಲಿ ಚಾಲಕ ಕಣ್ಣು ಬಿಟ್ಟೇ ಇರುತ್ತಾನೆ, ತಿರುವು ಮಾತ್ರ ಅವನ ತಲೆಗೆ ಹೋಗುವುದಿಲ್ಲ. ಮಾದಪ್ಪನ ಬೆಟ್ಟದ ಹಾದಿಯಲ್ಲಿ ತಾಳುಬೆಟ್ಟದಿಂದ ಮೇಲಕ್ಕೆ ಇರುವ ತಿರುವುಗಳನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ಕಡೆ ಇನ್ನೊಂದು ಸಂಗತಿಯಿದೆ. ಸೋಮವಾರ, ಅಮಾವಾಸ್ಯೆ, ಶಿವರಾತ್ರಿಗೆ ಮಾದಪ್ಪನ ಒಕ್ಕಲು ಉಪವಾಸ ಇರುತ್ತಾರೆ, ಬೆಟ್ಟಕ್ಕೆ ಗಾಡಿಗಳ ಸಾಲು ಹೆಚ್ಚಾಗುವುದೂ ಅದೇ ದಿನಗಳಲ್ಲಿ. ಬೆಳಿಗ್ಗೆ ಮಾತ್ರೆ ನುಂಗಿ, ಹೊಟ್ಟೆಗೆ ಏನೂ ಇಲ್ಲದೆ ಟ್ರಿಪ್ಪಿನ ಮೇಲೆ ಟ್ರಿಪ್ಪು ಹೊಡೆಯುವವರನ್ನು ಬಲ್ಲೆ. ಭಕ್ತಿಗೆ ನಾನು ಅಡ್ಡ ಬರುವುದಿಲ್ಲ. ಉಪವಾಸ ಇರುವ ದಿನ ಮಾತ್ರೆಯ ಪ್ರಮಾಣ ಎಷ್ಟೆಂದು ಮುಂಚೆಯೇ ಬಂದು ಕೇಳಿ, ಇಲ್ಲವಾದರೆ ಆ ದಿನ ಬೇರೆಯವರ ಕೈಗೆ ಗಾಡಿ ಕೊಡಿ. ಹೊರಡುವ ಮೊದಲು ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಿ, 90ಕ್ಕಿಂತ ಕಡಿಮೆ ಇದ್ದರೆ ತಿಂದು ಹೊರಡಿ. ದಾರಿಯಲ್ಲಿ ನಡುಕ ಬಂತೆಂದರೆ ಗಾಡಿ ಪಕ್ಕಕ್ಕೆ ಹಾಕಿ, ಕೀ ತೆಗೆದು, ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ಬಾಯಿಗೆ ಹಾಕಿಕೊಂಡು ಕಾಲು ಗಂಟೆ ಬಿಟ್ಟು ಮತ್ತೆ ನೋಡಿಕೊಳ್ಳಿ. ಸಕ್ಕರೆ ಸರಿಹೋದ ಮೇಲೂ 45 ನಿಮಿಷ ಗಾಡಿ ಓಡಿಸಬಾರದೆಂಬುದು ಬ್ರಿಟನ್ನಿನ ನಿಯಮ. ನಮ್ಮ ದೇಶದಲ್ಲಿ ಹಾಗೆ ಬರೆದಿಟ್ಟಿಲ್ಲ, ಆದರೆ ಮಿದುಳು ಎಲ್ಲ ಕಡೆಯೂ ಒಂದೇ. ನನ್ನ ರೋಗಿಗಳಿಗೆ ಅದನ್ನೇ ಹೇಳುತ್ತೇನೆ.

ಪಾದವನ್ನೂ ಮರೆಯಬೇಡಿ. ಹಳೆಯ ಶುಗರಿನಲ್ಲಿ ಅಂಗಾಲು ಜೋಮು ಹಿಡಿದರೆ ಬ್ರೇಕಿನ ಮೇಲೆ ಎಷ್ಟು ಒತ್ತಿದ್ದೇವೆಂದು ತಿಳಿಯುವುದಿಲ್ಲ. ಚಪ್ಪಲಿ ಜಾರಿ ಹೋದದ್ದು ಗೊತ್ತಾಗದವನ ಫಾರಂಗೆ ನಾನು ಸಹಿ ಮಾಡುವುದಿಲ್ಲ.

5. ನಿಮ್ಮನ್ನು ಬಲ್ಲ ಡಾಕ್ಟರ ಬಳಿ ಹೋಗಿ.

ಫಾರಂ 1ಎಯಲ್ಲಿ ನಿಮ್ಮ ಫೋಟೊ ಇರುತ್ತದೆ, ಅದರ ಮೇಲೆ ಅರ್ಧ ಬೀಳುವಂತೆ ವೈದ್ಯರ ಸಹಿ, ಅವರ ನೋಂದಣಿ ಸಂಖ್ಯೆ, ಮೊಹರು ಇರುತ್ತವೆ. ಅಂದರೆ ಈ ಮನುಷ್ಯನನ್ನು ನಾನೇ ನೋಡಿದ್ದೇನೆ ಎಂಬ ಸಾಕ್ಷಿ. ಏಜೆಂಟರ ಕೈಲಿ ಕಟ್ಟು ಕಳಿಸಿ ಮುಖ ನೋಡದೆ ಮೊಹರು ಹಾಕಿಸುವುದು ನಡೆಯುತ್ತದೆ. ಅದು ಅಕ್ರಮ, ಮತ್ತು ಕೊಲೆಗೆ ಸಮೀಪದ ಅಸಡ್ಡೆ. ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡವರು ಡಿಸ್ಚಾರ್ಜ್ ಚೀಟಿ, ಇತ್ತೀಚಿನ ಇಸಿಜಿ, ನುಂಗುತ್ತಿರುವ ಮಾತ್ರೆಗಳನ್ನೇ ಕವರಿನಲ್ಲಿ ತನ್ನಿ. ತೂಕಡಿಕೆ ತರಿಸುವ ಮಾತ್ರೆ ಯಾವುದಾದರೂ ಇದ್ದರೆ ಸಹಿಗಿಂತ ಮೊದಲು ಅದನ್ನು ಬದಲಿಸಬೇಕಾಗಬಹುದು. ಜೊತೆಗೆ ಹೆಂಡತಿಯನ್ನೋ ಮಗನನ್ನೋ ಕರೆತನ್ನಿ. ಗೊರಕೆ, ಹಗಲಲ್ಲಿ ತೂಕಡಿಸುವುದು, ಒಮ್ಮೆ ಬಿದ್ದದ್ದು, ಇವೆಲ್ಲ ಅವರ ಬಾಯಿಂದಲೇ ಹೊರಬರುತ್ತವೆ.

6. ಲೈಸೆನ್ಸಿನ ಒಂದು ಭಾಗ ಬಿಟ್ಟರೆ ಉಳಿದದ್ದು ಉಳಿಯಬಹುದು.

ಭಾರಿ ಲಾರಿಗೆ ಈ ದೇಹ ಸಾಲದು ಎನಿಸಿದ ಮಾತ್ರಕ್ಕೆ ಸ್ಕೂಟರನ್ನೂ ಬಿಡಬೇಕಾಗಿಲ್ಲ. ಒಂದು ವರ್ಗದ ವಾಹನವನ್ನಷ್ಟೇ ಹಿಂದಿರುಗಿಸುವ ಅವಕಾಶ ಸಾರಥಿಯಲ್ಲಿದೆ. ಇನ್ನೊಂದು ದಾರಿಯೂ ತೆರೆದಿದೆ: ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ (ಎಲ್‌ಎಂವಿ) ಲೈಸೆನ್ಸಿನಲ್ಲೇ ಓಡಿಸಬಹುದೆಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಲಾರಿ ಬಿಟ್ಟ ಚಾಲಕ ಗೂಡ್ಸ್ ಆಟೋ ಹಿಡಿದು ಊರ ಸುತ್ತಮುತ್ತ ಹಗಲು ದುಡಿಯಬಹುದು. ರಾತ್ರಿ ಓಡಿಸಬೇಡಿ ಎಂದು ನಾನು ಹೇಳಿದರೆ ಅದು ಚೀಟಿಯಲ್ಲಿ ಬರೆದ ಮಾತ್ರೆಯಷ್ಟೇ ಮುಖ್ಯ.

7. ಇಲ್ಲ ಎಂದರೆ ಬರೆದು ಕೊಡಿ ಎನ್ನಿ.

ಕೌಂಟರಿನಲ್ಲಿ ಬಾಯಿಮಾತಿಗೆ "ಆಗಲ್ಲ, ಹೋಗಿ" ಎಂದರೆ ಬರಿಗೈಯಲ್ಲಿ ಬಸ್ಸು ಹತ್ತಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 17ನೇ ಕಲಂ ಪ್ರಕಾರ ನವೀಕರಣ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ಆ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕಾರಣ ಗೊತ್ತಾದರೆ ವೈದ್ಯನಾದ ನನಗೂ ಕೆಲಸ ಸುಲಭ: ಯಾವ ಪರೀಕ್ಷೆ ಮಾಡಿಸಬೇಕು, ಯಾವ ತಜ್ಞರ ಅಭಿಪ್ರಾಯ ತರಬೇಕು ಎಂದು ತಿಳಿಯುತ್ತದೆ. ಹಾಗೆಯೇ 16ನೇ ಕಲಂ ಕೂಡ ನೆನಪಿರಲಿ. ಚಾಲಕನ ಕಾಯಿಲೆಯಿಂದ ಅಪಾಯವೆಂದು ನಂಬಲು ಕಾರಣವಿದ್ದರೆ ಲೈಸೆನ್ಸ್ ಕೊಡುವ ಪ್ರಾಧಿಕಾರ ಅವಧಿಯ ನಡುವೆಯೂ ಲೈಸೆನ್ಸ್ ರದ್ದು ಮಾಡಬಹುದು, ಇಲ್ಲವೇ ಹೊಸ ವೈದ್ಯಕೀಯ ಪ್ರಮಾಣಪತ್ರ ಕೇಳಬಹುದು.

8. ಫಿಟ್ಸ್ ಬಗ್ಗೆ ಇನ್ನು ಸುಮ್ಮನಿರಬಾರದು.

ಇದು ಎಲ್ಲಕ್ಕಿಂತ ಕಷ್ಟದ ಪಾಠ, ನಮ್ಮ ಮಣ್ಣಿಗೆ ತೀರ ಹತ್ತಿರದ್ದು. ಯಳಂದೂರು ಸಣ್ಣ ತಾಲ್ಲೂಕು, ಆದರೆ ಮೂರ್ಛೆ ರೋಗದ ಜಾಗತಿಕ ವೈದ್ಯಕೀಯ ಬರಹಗಳಲ್ಲಿ ಅದರ ಹೆಸರಿದೆ. ಕುಷ್ಠರೋಗ ನಿಯಂತ್ರಣಕ್ಕಾಗಿ ಹುಟ್ಟಿದ ಕರುಣಾ ಟ್ರಸ್ಟ್ ಆಮೇಲೆ ಮೂರ್ಛೆ ರೋಗವನ್ನೂ ಕೈಗೆತ್ತಿಕೊಂಡದ್ದು ಇಲ್ಲೇ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಸುಮಾರು 65 ಸಾವಿರ ಜನಸಂಖ್ಯೆಯಲ್ಲಿ ನಡೆಸಿದ 'ಯಳಂದೂರು ಅಧ್ಯಯನ' ಸಾವಿರಕ್ಕೆ ನಾಲ್ಕೈದು ಮಂದಿಯಲ್ಲಿ ಈ ಕಾಯಿಲೆ ಕಂಡಿತು. ಫೀನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳನ್ನು ತಪ್ಪದೆ ಕೊಟ್ಟರೆ ಹಳ್ಳಿಯಲ್ಲೇ ಫಿಟ್ಸ್ ಹತೋಟಿಗೆ ಬರುತ್ತದೆಂದು ತೋರಿಸಿತು. 2001ರಲ್ಲಿ ಅದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್ ಕೂಡ ದಕ್ಷಿಣ ಕರ್ನಾಟಕದಲ್ಲಿ, ಅದರಲ್ಲೂ ನಮ್ಮ ಭಾಗದಲ್ಲಿ ಹೆಚ್ಚು. ನೀರಿನ ಬಿಸಿ ತಗ್ಗಿಸಿದರೆ ಕೆಲವರಿಗೆ ಅಷ್ಟೇ ಸಾಕು. ಇನ್ನು ಕೆಲವರಿಗೆ ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ಕೊಡುತ್ತೇವೆ. ಬಚ್ಚಲಿನಲ್ಲಿ ಮಾತ್ರ ಬರುತ್ತದೆ, ಗಾಡಿಯಲ್ಲಿ ಬರುವುದಿಲ್ಲ ಎಂದು ಇವರು ವಾದಿಸುತ್ತಾರೆ. ಆದರೆ ಇವರಲ್ಲಿ ಕೆಲವರಿಗೆ ಮುಂದೆ ಸ್ನಾನದ ಹಂಗಿಲ್ಲದೆಯೂ ಫಿಟ್ಸ್ ಬರಲು ಶುರುವಾಗುತ್ತದೆ. ಯಾರಿಗೆ ಬರುತ್ತದೆಂದು ಮೊದಲೇ ಹೇಳಲಾಗದು.

ಕಾನೂನು ಇಲ್ಲಿ ಮೊಂಡಾಗಿದೆ. ಮೂರ್ಛೆ ರೋಗ ಇದೆಯೇ ಎಂದಷ್ಟೇ ಫಾರಂ ಕೇಳುತ್ತದೆ. ಕೊನೆಯ ಬಾರಿ ಬಂದು ಎಷ್ಟು ವರ್ಷವಾಯಿತು, ಮಾತ್ರೆ ತಪ್ಪದೆ ನುಂಗುತ್ತೀರಾ ಎಂದು ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಫಿಟ್ಸ್ ಇಲ್ಲದವರಿಗೆ ಕಾರಿನ ಲೈಸೆನ್ಸ್ ಕೊಡುತ್ತಾರೆ, ಲಾರಿ, ಬಸ್ಸಿಗೆ ಮಾತ್ರೆಯೂ ಫಿಟ್ಸೂ ಇಲ್ಲದೆ ಹತ್ತು ವರ್ಷ ಕಳೆದಿರಬೇಕು. ನಮ್ಮಲ್ಲಿ ಅಂಥ ಮೆಟ್ಟಿಲುಗಳಿಲ್ಲದ ಕಾರಣ ಜನ ಕಾಯಿಲೆಯನ್ನೇ ಅಡಗಿಸುತ್ತಾರೆ, ಗೊತ್ತಾದೀತೆಂದು ಆಸ್ಪತ್ರೆಗೂ ಬರುವುದಿಲ್ಲ, ಮಾತ್ರೆಯನ್ನೂ ಬಿಡುತ್ತಾರೆ. ಜನರನ್ನು ಕಾಪಾಡಲು ಬರೆದ ನಿಯಮ ಹೀಗೆ ಚಿಕಿತ್ಸೆಯಿಲ್ಲದ ರೋಗಿಯನ್ನೇ ರಸ್ತೆಗೆ ಬಿಡುತ್ತಿದೆ. ಎಷ್ಟು ಕಾಲದಿಂದ ಫಿಟ್ಸ್ ಇಲ್ಲ ಎಂಬುದನ್ನು ನರರೋಗ ತಜ್ಞರು ಪ್ರಮಾಣೀಕರಿಸುವ ಸಾಲೊಂದನ್ನು ಫಾರಂ 1ಎಗೆ ಕೇಂದ್ರ ಸಾರಿಗೆ ಸಚಿವಾಲಯ ಸೇರಿಸಬೇಕು. 2020ರಲ್ಲಿ ವರ್ಣಾಂಧತೆಗೆ ಮಾಡಿದ್ದನ್ನು ಇದಕ್ಕೂ ಮಾಡಲು ಅಡ್ಡಿ ಏನಿದೆ?

ಅಲ್ಲಿಯವರೆಗೆ ನನ್ನ ಮಾತು ಬದಲಾಗದು. ಫಿಟ್ಸ್ ಇರುವವರು ಗಾಡಿ ಓಡಿಸಬೇಡಿ, ಮಾತ್ರೆ ಬಿಡಬೇಡಿ. ಮನೆಯವರು ಅವರ ಮೇಲೆ ಸಿಟ್ಟಾಗಬೇಡಿ, ಅಂಗಡಿಯನ್ನೋ ಹೈನುಗಾರಿಕೆಯನ್ನೋ ಹಿಡಿಯಲು ಜೊತೆಗೆ ನಿಲ್ಲಿ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ನನ್ನ ವೈದ್ಯ ಮಿತ್ರರಲ್ಲೂ ಒಂದು ಬೇಡಿಕೆ: ಮುಖ ನೋಡದೆ ಯಾವ ಫಾರಂಗೂ ಸಹಿ ಹಾಕಬೇಡಿ.